ಕತ್ತಲೆಗೆ ಟಾರ್ಚ್ ಹಾಕಿದವರು

ಹನ್ನೊಂದು ವರ್ಷಗಳಿಂದ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುವವಳು ನಾನು. ಅಷ್ಟೂ ನಾಟಕಗಳ ಕೊನೆಯ ದೃಶ್ಯವನ್ನು ಕುರ್ಚಿಗಳು ನೋಡಿವೆ. ಕುರ್ಚಿಗಳಿಗೆ ನಾಟಕ ಹಿಡಿಸಿತೋ ಇಲ್ಲವೋ ಗೊತ್ತಿಲ್ಲ, ಎದ್ದು ಹೋಗಲಿಲ್ಲ ಎನ್ನುವುದಷ್ಟೇ ನನ್ನ ಸಮಾಧಾನ.

ನಮ್ಮ ಶಾಲೆ ಕುದ್ರೋಳಿಯ ಹತ್ತಿರ. ವಾರ್ಷಿಕೋತ್ಸವ ಎಂದರೆ ಮೊದಲು ಪ್ರಾರ್ಥನೆ, ಆಮೇಲೆ ಭಾಷಣ, ಆಮೇಲೆ ಒಂದರ ಬಾಲ ಹಿಡಿದು ಇನ್ನೊಂದು ಡ್ಯಾನ್ಸ್, ಎಲ್ಲ ಮುಗಿದ ಮೇಲೆ ನಾಟಕ. ಅಪ್ಪ ಅಮ್ಮಂದಿರು ತಮ್ಮ ಮಗುವಿನ ಡ್ಯಾನ್ಸ್ ಬರುವವರೆಗೆ ಕುತ್ತಿಗೆ ಉದ್ದ ಮಾಡಿ ಕೂರುತ್ತಾರೆ. ಮಗು ಚಿಟ್ಟೆಯೋ ಮೀನೋ ಆಗಿ ಎರಡು ಸುತ್ತು ಕುಣಿದದ್ದೇ ತಡ, ಅದನ್ನು ರೆಕ್ಕೆ ಸಮೇತ ಸ್ಕೂಟರಿಗೆ ಹತ್ತಿಸಿ ಹೊರಟುಬಿಡುತ್ತಾರೆ. ನಾಟಕದ ಹೊತ್ತಿಗೆ ಉಳಿಯುವವರು ನಟರ ತಾಯಂದಿರು ಮಾತ್ರ. ಅವರಲ್ಲೂ ಯಾರ ಮಗ ಮೊದಲ ದೃಶ್ಯದಲ್ಲಿ ಸಾಯುತ್ತಾನೋ ಅವರು ಆಗಲೇ ಎದ್ದು ಹೋಗುತ್ತಾರೆ. ಅದಕ್ಕೇ ನಾನು ನಾಟಕದಲ್ಲಿ ಯಾರನ್ನೂ ಸಾಯಿಸುವುದನ್ನು ಬಿಟ್ಟೆ. ಚರಿತ್ರೆಯಲ್ಲಿ ಸತ್ತವರು ಕೂಡ ನನ್ನ ನಾಟಕದಲ್ಲಿ ಕೊನೆಯವರೆಗೆ ಬದುಕಿ, ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಾರೆ.

ನನ್ನ ಹೆಸರು ಬರ್ನಡೆಟ್. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಪಾಠ, ಬಸ್ಸಿನಲ್ಲಿ ಜಗಳವಾದರೆ ತುಳು. ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಬೇಗ ಬರುವುದಲ್ಲ, ಬಂದದ್ದು ಹೋಗುವುದಿಲ್ಲ, ಅಷ್ಟೇ. ಈ ವರ್ಷ ನನಗೆ ಒಂದೇ ಒಂದು ಆಸೆಯಿತ್ತು. ನಾಟಕ ಮುಗಿಯುವಾಗ ಹಾಲ್ ತುಂಬ ಜನ ಇರಬೇಕು. ಚಪ್ಪಾಳೆ ಬೇಡ, ಹಾರ ಬೇಡ, ಜನ ಇದ್ದರೆ ಸಾಕು.

ನಾಟಕ ನಾನೇ ಬರೆದದ್ದು, ಹೆಸರು ‘ಮಲಗದ ಊರು’. ಒಬ್ಬ ರಾಜನಿಗೆ ಕತ್ತಲೆಯೆಂದರೆ ಹೆದರಿಕೆ. ರಾತ್ರಿಯಿಡೀ ಊರಿನ ಯಾವ ದೀಪವೂ ಆರಬಾರದೆಂದು ಆಜ್ಞೆ ಮಾಡುತ್ತಾನೆ. ಊರಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಕೋಳಿ ಸಿಕ್ಕಿದ ಹೊತ್ತಿಗೆ ಕೂಗುತ್ತದೆ, ಕಾವಲುಗಾರ ನಿಂತಲ್ಲೇ ದಬಕ್ಕನೆ ಬೀಳುತ್ತಾನೆ, ಆಕಳಿಸಿ ಆಕಳಿಸಿ ಮಂತ್ರಿಯ ದವಡೆ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಗೆ ಎಣ್ಣೆ ಮಾರುವವಳ ಮಗಳು ಬಂದು ಒಂದೊಂದೇ ದೀಪ ಆರಿಸುತ್ತಾಳೆ, ರಾಜನ ತಲೆದೆಸೆಯದ್ದನ್ನೂ ಆರಿಸುತ್ತಾಳೆ. ಪೂರ್ತಿ ಕತ್ತಲೆ. ಆ ಕತ್ತಲೆಯಲ್ಲಿ ಅವಳು ರಾಜನಿಗೆ ಒಂದು ಮಾತು ಹೇಳುತ್ತಾಳೆ, ಊರು ಮಲಗುತ್ತದೆ, ಮುಗಿಯಿತು.

ಇಂಥ ನಾಟಕಕ್ಕೆ ಲೈಟಿಂಗ್ ಬೇಕಲ್ಲ. ನಮ್ಮ ಕಡೆ ಡಿಸೆಂಬರಿನಲ್ಲಿ ಲೈಟಿಂಗಿನವರನ್ನು ಹಿಡಿಯುವುದು ಸುಲಭದ ಮಾತಲ್ಲ. ಯಕ್ಷಗಾನ ಇದೆ, ಮದುವೆ ಇದೆ, ಊರಿನ ಅಷ್ಟೂ ಶಾಲೆಗಳಿಗೆ ಅದೇ ವಾರ ವಾರ್ಷಿಕೋತ್ಸವ ಇದೆ. ನಾನು ಫೋನ್ ಮಾಡಿದವರೆಲ್ಲ ಫೆಬ್ರವರಿಯಲ್ಲಿ ಬರುತ್ತೇನೆ ಎಂದರು. ಹೆಡ್‌ಮಿಸ್ ಸಿಸ್ಟರ್ ಆನ್ಸಿಯವರು ಮಾತ್ರ ತಲೆಯೇ ಕೆಡಿಸಿಕೊಳ್ಳಲಿಲ್ಲ, ಹಾಲಿನಲ್ಲಿ ಟ್ಯೂಬ್‌ಲೈಟ್ ಉಂಟಲ್ಲ ಟೀಚರ್ ಎಂದರು. ಟ್ಯೂಬ್‌ಲೈಟಿನಲ್ಲಿ ಈ ನಾಟಕ ಮಾಡಿದರೆ ರಾಜ ಹೆದರುವುದು ಯಾವುದಕ್ಕೆ? ಅಂದು ಸಂಜೆ ನಾನು ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ನನ್ನ ಗಂಡ ಸೈಮನ್‌ಗೆ ಪಂಪ್‌ವೆಲ್‌ನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ವರ್ಷದಲ್ಲಿ ಹನ್ನೊಂದು ತಿಂಗಳು ಅವನು ತಣ್ಣಗಿನ ಮನುಷ್ಯ. ಡಿಸೆಂಬರ್ ಬಂದರೆ ಹುಚ್ಚು ಹಿಡಿಯುತ್ತದೆ. ಬಿಜೈಯಲ್ಲಿರುವ ನಮ್ಮ ಮನೆಯ ಮಾಡು, ಗೋಡೆ, ಗೇಟು, ತೆಂಗಿನ ಮರ, ನೀರಿನ ಟಾಂಕಿ, ಯಾವುದನ್ನೂ ಬಿಡದೆ ಬಲ್ಬು ಸುತ್ತುತ್ತಾನೆ. ಎದುರು ಕ್ರಿಸ್‌ಮಸ್ಸಿನ ಕೊಟ್ಟಿಗೆ, ನಮ್ಮ ಮಾತಿನಲ್ಲಿ ಗೋದಲಿ, ಕಟ್ಟುತ್ತಾನೆ. ಬಾಲ ಯೇಸು ಹುಟ್ಟಿದ್ದು ಬಡ ಕೊಟ್ಟಿಗೆಯಲ್ಲಿ ಎಂದು ಪಾದ್ರಿಗಳು ವರ್ಷವೂ ಹೇಳುತ್ತಾರೆ, ನಮ್ಮ ಮನೆಯ ಕೊಟ್ಟಿಗೆಯನ್ನು ನೋಡಿದರೆ ಮೂರು ರಾಜರು ಕೂಡ ಚಪ್ಪಲಿ ಬಿಚ್ಚಿ ಒಳಗೆ ಬರಬೇಕು, ಹಾಗಿರುತ್ತದೆ. ಹಿಂದಿನ ಬೀದಿಯ ಝೇವಿಯರ್ ತನ್ನ ಗೋದಲಿಯಲ್ಲಿ ತಿರುಗುವ ಗಾಳಿಯಂತ್ರ ಇಟ್ಟ ವರ್ಷ ಸೈಮನ್ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮರುವರ್ಷ ದುಬೈಯಲ್ಲಿರುವ ತಮ್ಮ ಡೆರಿಲ್‌ನಿಂದ ಒಂದು ಕಂಟ್ರೋಲರ್ ತರಿಸಿದ.

ಕಂಟ್ರೋಲರ್ ಎಂದರೆ ಟಿಫಿನ್ ಡಬ್ಬದಷ್ಟು ದೊಡ್ಡ ಪೆಟ್ಟಿಗೆ. ಅದಕ್ಕೆ ಒಂದು ಹಾಡು ತುಂಬಿಸಿ, ಹಾಡಿನ ಯಾವ ಜಾಗಕ್ಕೆ ಯಾವ ಬಲ್ಬು ಯಾವ ಬಣ್ಣದಲ್ಲಿ ಎಷ್ಟು ಉರಿಯಬೇಕೆಂದು ಲ್ಯಾಪ್‌ಟಾಪಿನಲ್ಲಿ ಕೂತು ಹೇಳಿಕೊಟ್ಟರೆ, ಆಮೇಲೆ ಹಾಡೂ ಲೈಟೂ ಕೈ ಹಿಡಿದುಕೊಂಡು ಹೋಗುತ್ತವೆ. ಮನುಷ್ಯ ಮಾಡಬೇಕಾದ್ದು ಒಂದು ಸ್ವಿಚ್ ಒತ್ತುವುದು ಮಾತ್ರ. ನಾನು ಪಾತ್ರೆ ತೊಳೆಯುವಾಗ ಸೈಮನ್ ಅಂಗಳದಲ್ಲಿ ಅದನ್ನೇ ಪರೀಕ್ಷೆ ಮಾಡುತ್ತಿದ್ದ. ಟಾಂಕಿ ಕೆಂಪಾಯಿತು, ಹಸಿರಾಯಿತು, ಹಾಡು ನಿಧಾನವಾದಾಗ ತಾನೂ ನಿಧಾನವಾಗಿ ನೀಲಿಗೆ ಇಳಿಯಿತು. ಕೈಯಲ್ಲಿ ಸೋಪು ಹಿಡಿದುಕೊಂಡೇ ನಾನು ಹೊರಗೆ ಬಂದೆ.

ಯಾಕೆಂದರೆ ನಮ್ಮ ನಾಟಕವೂ ಒಂದು ಹಾಡಿನ ಹಾಗೆಯೇ. ನಮ್ಮ ಮಕ್ಕಳು ಸ್ಟೇಜಿನ ಮೇಲೆ ಮಾತಾಡುವುದಿಲ್ಲ. ಹಾಲಿನ ಫ್ಯಾನು, ಕುರ್ಚಿ ಎಳೆಯುವ ಸದ್ದು, ಇಪ್ಪತ್ತು ಮಕ್ಕಳಿಗೆ ಎರಡು ಮೈಕು, ಇದರ ನಡುವೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ ಎಂದು ಎಲ್ಲ ಮಾತನ್ನೂ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸುತ್ತೇವೆ. ಸ್ಪೀಕರಿನಲ್ಲಿ ದನಿ ಬಂದಾಗ ಬಾಯಿ ಆಡಿಸಬೇಕು, ದನಿ ನಿಂತಾಗ ಬಾಯಿ ಮುಚ್ಚಬೇಕು. ಎರಡು ತಿಂಗಳು ನಾನು ಕಲಿಸುವುದು ಇದನ್ನೇ. ನನ್ನ ಮಕ್ಕಳು ಇದರಲ್ಲಿ ಎಷ್ಟು ಪಳಗಿದ್ದಾರೆಂದರೆ ನಿದ್ದೆಯಲ್ಲಿ ಎಬ್ಬಿಸಿ ಆ ದನಿ ಹಾಕಿದರೂ ಬಾಯಿ ಆಡಿಸಿಯಾರು. ಅಂದ ಮೇಲೆ ಕಂಟ್ರೋಲರಿಗೆ ಹಾಡಿನ ಬದಲು ನಾಟಕ ತುಂಬಿಸಿದರೆ ಆಗದೇ?

ಸೈಮನ್ ಒಪ್ಪುವುದಕ್ಕೆ ಎರಡು ದಿನ ತೆಗೆದುಕೊಂಡ. ಬಲ್ಬು, ಪೆಟ್ಟಿಗೆ ಎಲ್ಲ ಶಾಲೆಗೆ ಹೋದರೆ ಆ ವಾರ ನಮ್ಮ ಮನೆ ಕತ್ತಲೆ, ಝೇವಿಯರಿಗೆ ಹಬ್ಬ. ಕೊನೆಗೂ ಒಪ್ಪಿದ. ಹಾಗೆ ಒಪ್ಪಿದ್ದಕ್ಕೆ ಅವನನ್ನು ನಾನು ಎಷ್ಟು ಹೊಗಳಿದರೂ ಸಾಲದು, ಆದರೂ ಅವನ ಎದುರು ಹೊಗಳಲಿಲ್ಲ. ಮರುದಿನ ಸಂಜೆ ನೆರೆಮನೆಯವರು ಇಬ್ಬರು ಬಂದು, ನಿಮ್ಮಲ್ಲಿ ಯಾರಾದರೂ ತೀರಿಕೊಂಡರಾ ಎಂದು ಮೆಲ್ಲಗೆ ವಿಚಾರಿಸಿದರು.

ಜಗಳ ಶುರುವಾದದ್ದು ರಿಹರ್ಸಲಿನಲ್ಲಿ. ರಾಜನ ಪಾತ್ರದ ದೀಕ್ಷಿತ್ ಸಿಂಹಾಸನದಲ್ಲಿ ಕೂತು, ನನಗೆ ಹೆದರಿಕೆಯಾಗುತ್ತದೆ ಎಂದು ದುಃಖದಲ್ಲಿ ಬಾಯಿ ಆಡಿಸುತ್ತಿದ್ದಾಗ ಅವನ ಸುತ್ತ ಕೆಂಪು ಹಸಿರು ಬಲ್ಬುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡಿದವು. ನೋಡಿದರೆ ಹೊಸ ಮೊಬೈಲ್ ಅಂಗಡಿಯ ಉದ್ಘಾಟನೆಯ ಹಾಗೆ ಕಾಣುತ್ತಿತ್ತು. ಓಡಿಸಬೇಡ ಎಂದು ಸೈಮನ್‌ಗೆ ಹೇಳಿದೆ. ಓಡದಿದ್ದರೆ ಬಲ್ಬಿಗೆ ಬೇಸರವಾಗುತ್ತದೆ ಎಂದ. ಒಂದೊಂದಾಗಿ ಎಲ್ಲದರ ಓಟ ನಿಲ್ಲಿಸಿದೆ. ಕೊನೆಯ ಕತ್ತಲೆಗೆ ಬಂದಾಗ ಮಾತ್ರ ಅವನು ಹಠ ಹಿಡಿದ. ಅವನ ಲೆಕ್ಕದಲ್ಲಿ ಬಲ್ಬು ಎಂದ ಮೇಲೆ ಉರಿಯಬೇಕು. ಪೂರ್ತಿ ಆರಿಸಿದರೆ ಕಂಟ್ರೋಲರಿಗೇ ಅವಮಾನ. ನಾನು ಆರಿಸಲು ಹೇಳಿದಲ್ಲೆಲ್ಲ ಅವನು ಗುಟ್ಟಾಗಿ ಮೂಲೆಯಲ್ಲಿ ಒಂದು ನೀಲಿ ನಕ್ಷತ್ರ ಮಿನುಗಿಸುತ್ತಿದ್ದ. ಮೂರು ಸಲ ಹಿಡಿದೆ.

“ಕತ್ತಲೆ ಅಂದ್ರೆ ಕತ್ತಲೆ ಮಾರಾಯ,” ಎಂದೆ. “ನಿನ್ನ ನಕ್ಷತ್ರ ನೋಡ್ಲಿಕ್ಕೆ ಯಾರೂ ಬರುವುದಿಲ್ಲ.”

“ಕತ್ತಲೆ ನೋಡ್ಲಿಕ್ಕೆ ಯಾರು ಬರ್ತಾರೆ?” ಎಂದು ಕೇಳಿದ.

ಅದಕ್ಕೇ ಎರಡು ದಿನ ಮಾತು ಬಿಟ್ಟೆ. ನಕ್ಷತ್ರ ಹೋಯಿತು.

ಜನ ಉಳಿಯಬೇಕೆಂದು ಸಿಸ್ಟರ್ ಆನ್ಸಿಯವರೂ ಈ ಸಲ ಒಂದು ಉಪಾಯ ಮಾಡಿದ್ದರು. ಎಲ್ಲರಿಗೂ ಊಟ. ಅಡುಗೆಯ ಅಲಿಯಬ್ಬ ಬ್ಯಾರಿಯವರ ಗೀ ರೈಸು, ಕೋಳಿ ಸುಕ್ಕ, ಬೇಡದವರಿಗೆ ಕಡಲೆ ಗಸಿ. ಆದರೆ ಕಾರ್ಯಕ್ರಮ ಪೂರ್ತಿ ಮುಗಿಯುವವರೆಗೆ ಪಾತ್ರೆಯ ಮುಚ್ಚಳ ತೆಗೆಯಬಾರದು, ಇದು ಸಿಸ್ಟರ್ ಆಜ್ಞೆ. ಅಲಿಯಬ್ಬ ದೇವರ ಹೆಸರು ಹೇಳಿ ಒಪ್ಪಿದ್ದರು. ಸಿಸ್ಟರ್ ಗ್ರಹಿಸದೇ ಹೋದದ್ದು ಒಂದೇ. ಜನ ಶಾಲೆಯಲ್ಲಿ ಉಳಿದರು, ಹಾಲಿನಲ್ಲಿ ಉಳಿಯಲಿಲ್ಲ. ಕೊನೆಯ ಡ್ಯಾನ್ಸ್ ಮುಗಿದದ್ದೇ ಚಿಟ್ಟೆ, ಮೀನು, ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಅಂಗಳಕ್ಕೆ ಹೋಗಿ, ಪ್ಲೇಟ್ ಹಿಡಿದು, ಮುಚ್ಚಿದ ಪಾತ್ರೆಯ ಎದುರು ಸಾಲು ನಿಂತರು.

ಅಂತೂ ನಾಟಕ ಶುರುವಾಯಿತು. ಕುರ್ಚಿಗಳು ಬಂದಿದ್ದವು. ಮುಂದಿನ ಸಾಲಿನಲ್ಲಿ ನಟರ ತಾಯಂದಿರು, ರಾಜನ ಅಪ್ಪನೂ ಶಾಲೆಯ ಪೋಷಕರ ಸಂಘದ ಅಧ್ಯಕ್ಷರೂ ಆದ ಮೋಹನದಾಸ್, ಮತ್ತೆ ಹಿಂದೆ ಅಲ್ಲಲ್ಲಿ ಕೆಲವರು. ನಾನು ಸ್ಟೇಜಿನ ಬದಿಯಲ್ಲಿ ನಿಂತು ಹಲ್ಲು ಕಚ್ಚಿಕೊಂಡು ನೋಡಿದೆ. ಲೈಟ್ ಎಷ್ಟು ಚೆಂದ ಇತ್ತು ಎಂದರೆ, ಸುಳ್ಳು ಯಾಕೆ ಹೇಳಲಿ, ನನಗೆ ಸೈಮನ್ ಮೇಲೆ ಮದುವೆಯ ಹೊಸದರಲ್ಲಿ ಇದ್ದಂಥ ಪ್ರೀತಿ ಬಂತು. ಹಳದಿ ಅರಮನೆ, ನೀಲಿ ಬೀದಿ, ಕೋಳಿ ಕೂಗಿದಲ್ಲೆಲ್ಲ ತಪ್ಪಿ ಬಂದ ಬೆಳಗಿನ ಕೆಂಪು. ಎಣ್ಣೆ ಮಾರುವವಳ ಮಗಳಾದ ಪ್ರಣೀತಾ ಒಂದೊಂದೇ ದೀಪ ಊದಿದಳು. ಊದಿದ ಹಾಗೆ ಒಂದೊಂದೇ ಆರಿತು. ಕೊನೆಯದೂ ಆರಿತು. ಎಷ್ಟೋ ವರ್ಷಗಳಿಂದ ನಾನು ಕಾಯುತ್ತಿದ್ದ ಕತ್ತಲೆ ಬಂತು.

“ಕರೆಂಟ್ ಹೋಯ್ತು,” ಎಂದರು ಮೋಹನದಾಸ್.

ಪಾಪ, ಒಳ್ಳೆಯ ಮನಸ್ಸಿನ ಜನ. ಮಕ್ಕಳು ಕತ್ತಲೆಯಲ್ಲಿ ಬಿದ್ದಾರೆಂದು ಇದ್ದವರೆಲ್ಲ ಮೊಬೈಲ್ ತೆಗೆದು ಸ್ಟೇಜಿಗೆ ಟಾರ್ಚ್ ಹಾಕಿದರು. ಮಲಗಿದ ರಾಜ ಕಣ್ಣಿಗೆ ಕೈ ಅಡ್ಡ ಹಿಡಿದ. ಊರಿಗೆ ಊರೇ ಎದ್ದು ಕೂತು ಕಣ್ಣುಜ್ಜಿಕೊಂಡಿತು. ಮೇನ್ ಹಾರಿತು ಎಂದು ಕೂಗುತ್ತಾ ಪ್ಯೂನ್ ಜೊಕಿಮ್ ಹಿಂದಿನ ಬಾಗಿಲಿಗೆ ಓಡಿದ. ಪ್ರಣೀತಾಳ ಕೊನೆಯ ಮಾತು ಸ್ಪೀಕರಿನಲ್ಲಿ ಬಂದು ಹೋದದ್ದು ಯಾರಿಗೂ ಕೇಳಿಸಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಕತ್ತಲೆಯನ್ನು ಸ್ವಂತ ಕೈಯಾರೆ ಪೆಟ್ಟಿಗೆಗೆ ತುಂಬಿಸಿದ ನನ್ನ ಗಂಡ ಕೂಡ, ಫ್ಯೂಸ್ ನೋಡ್ತೇನೆ ಎಂದು ಜೊಕಿಮನ ಹಿಂದೆ ಓಡಿದ. ತನ್ನ ಬಲ್ಬು ಬೇಕೆಂದೇ ಆರಿದೆ ಎನ್ನುವುದನ್ನು ಅವನ ಕಾಲು ನಂಬಲಿಲ್ಲ.

ನಾನು ವೇಷದ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಹನ್ನೆರಡನೆಯದೂ ಹೋಯಿತು. ಇನ್ನು ಮುಂದೆ ನಾಟಕದ ಸಹವಾಸ ಬೇಡ, ಮುಂದಿನ ವರ್ಷ ನಾನೂ ಚಿಟ್ಟೆ ಕುಣಿಸುತ್ತೇನೆ ಎಂದು ತೀರ್ಮಾನ ಮಾಡಿದೆ. ಮೂಗು ಒರೆಸಿಕೊಳ್ಳುವಾಗ ಸ್ಪೀಕರಿನಲ್ಲಿ ಡೋಲು ಬಡಿಯಿತು. ಸ್ಟೇಜು ಹಳದಿಯಾಯಿತು. ನಾಟಕ ಮೊದಲಿಂದ ಶುರುವಾಯಿತು.

ಮಕ್ಕಳು ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಆದರೆ ದನಿ ಬಂದ ಮೇಲೆ ಬಾಯಿ ಆಡಿಸಬೇಕು. ರಾಜ ಹಾಸಿಗೆಯಿಂದ ಹಾರಿ ಸಿಂಹಾಸನ ಹತ್ತಿದ, ಪ್ರಣೀತಾ ಒಳಗೆ ಓಡಿದಳು, ಕಾವಲುಗಾರ ಭರ್ಜಿ ಹುಡುಕಿದ. ಮಂತ್ರಿ ಆಕಳಿಸಿದ, ಈ ಸಲ ನಿಜವಾಗಿಯೂ. ಸೈಮನ್ ಏದುಸಿರು ಬಿಡುತ್ತಾ ಬಂದ. ಮನೆಯಲ್ಲಿ ದಾರಿಹೋಕರು ಯಾವಾಗ ಬಂದರೂ ಕಾಣಲಿ ಎಂದು, ಮುಗಿದ ಕೂಡಲೇ ಪುನಃ ಶುರುವಾಗುವ ಹಾಗೆ ಇಟ್ಟಿದ್ದನಂತೆ, ಅದನ್ನು ತೆಗೆಯಲು ಮರೆತನಂತೆ. ಈಗ ನಿಲ್ಲಿಸ್ತೇನೆ ಎಂದು ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕಿದ. ಅಷ್ಟರಲ್ಲಿ ನನ್ನ ಕಣ್ಣು ಹಾಲಿನ ಬಾಗಿಲಿಗೆ ಹೋಯಿತು.

“ಮುಟ್ಟಬೇಡ,” ಎಂದೆ.

ಬಾಗಿಲಿನಲ್ಲಿ ಜನ ಒಳಗೆ ಬರುತ್ತಿದ್ದರು. ಕೈಯಲ್ಲಿ ಖಾಲಿ ಪ್ಲೇಟು.

ಹೊರಗೆ ಆದದ್ದು ಇಷ್ಟು. ಹಾಲ್ ಕತ್ತಲಾದದ್ದನ್ನು ನೋಡಿ ಮುಗಿಯಿತೆಂದು ಅಲಿಯಬ್ಬ ಮುಚ್ಚಳ ತೆಗೆದಿದ್ದಾರೆ. ಸಾಲಿನ ಮೊದಲ ನಾಲ್ಕು ಜನಕ್ಕೆ ಗೀ ರೈಸ್ ಬಿದ್ದಿದೆ. ಆಗ ಒಳಗೆ ಡೋಲು. ಮುಗಿದಿಲ್ಲವಲ್ಲ, ಕೊಟ್ಟ ಮಾತು ಮಾತೇ ಎಂದು ಅಲಿಯಬ್ಬ ಮುಚ್ಚಳ ಹಾಕಿ ಅದರ ಮೇಲೆ ಸೌಟು ಅಡ್ಡ ಇಟ್ಟಿದ್ದಾರೆ. ಸಿಸ್ಟರಿಗೆ ಹೇಳಿದರೆ ಸಿಸ್ಟರ್, ಇನ್ನೊಂದು ನಾಟಕ ಇದ್ದದ್ದು ನನಗೂ ಗೊತ್ತಿರಲಿಲ್ಲ ಎಂದಿದ್ದಾರೆ. ಇದು ಮುಗಿಯುವುದು ಯಾವಾಗ ಎಂದು ನೋಡಲು ಇಡೀ ಅಂಗಳ ಒಳಗೆ ಬಂತು. ಸೌಟು ಎತ್ತಿಕೊಂಡು ಅಲಿಯಬ್ಬರೂ ಬಂದು ಗೋಡೆಗೆ ಒರಗಿ ನಿಂತರು.

ಕುರ್ಚಿ ಸಾಲಲಿಲ್ಲ. ನಾನು ಆ ಶಾಲೆಯಲ್ಲಿ ಕುರ್ಚಿ ಸಾಲದೇ ಹೋದದ್ದನ್ನು ಅವತ್ತೇ ನೋಡಿದ್ದು.

ಆಗ ಮೋಹನದಾಸ್ ಎದ್ದು ಜನರ ಕಡೆ ತಿರುಗಿದರು. ಅವರು ಸಭೆಗಳಲ್ಲಿ ಎಲ್ಲದಕ್ಕೂ ಕಾರಣ ಕಂಡುಹಿಡಿಯುವ ಮನುಷ್ಯ, ಇದಕ್ಕೂ ಕಂಡುಹಿಡಿದಿದ್ದರು.

“ತಪ್ಪು ನಮ್ಮದೇ,” ಎಂದರು. “ಕತ್ತಲೆ ಆದಾಗ ನಾವು ಟಾರ್ಚ್ ಹಾಕಿದೆವು ಅಲ್ವಾ, ಅದಕ್ಕೆ ಪುನಃ ಸುರು ಆದದ್ದು. ಈಗಿನ ಲೈಟಿಗೆಲ್ಲ ಸೆನ್ಸರ್ ಇರ್ತದೆ. ಪೂರ್ತಿ ಕತ್ತಲೆ ಸಿಕ್ಕಿದ್ರೆ ಮಾತ್ರ ಇದು ಮುಗಿಯುವುದು. ಯಾರೂ ಏಳ್ಬೇಡಿ, ಲೈಟ್ ಹಾಕ್ಬೇಡಿ.”

ಸೈಮನ್ ಬಾಯಿ ತೆರೆದ. ನಾನು ಅವನ ಕೈ ಗಟ್ಟಿಯಾಗಿ ಹಿಡಿದೆ. ಮೋಹನದಾಸರ ಮಾತು ಸಾಲಿನಿಂದ ಸಾಲಿಗೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೋಗಿ, ಕೊನೆಯ ಸಾಲಿಗೆ ತಲುಪುವಾಗ ಕೆಮ್ಮಿದರೂ ಪುನಃ ಶುರುವಾಗುತ್ತದೆ ಎಂದಾಗಿತ್ತು.

ನನ್ನ ಜೀವಮಾನದಲ್ಲಿ ಅಂಥ ಪ್ರೇಕ್ಷಕರನ್ನು ನೋಡಿರಲಿಲ್ಲ. ಹಸಿದ ಜನ, ಮಡಿಲಲ್ಲಿ ಪ್ಲೇಟು, ಕಣ್ಣು ಸ್ಟೇಜಿನಿಂದ ಅಲುಗಲಿಲ್ಲ. ಇನ್ನೆಷ್ಟು ಉಂಟು ಎಂದು ಹೊಸಬರು ಕೇಳಿದರೆ ಮೊದಲೇ ನೋಡಿದ ತಾಯಂದಿರು ಪಿಸುಮಾತಿನಲ್ಲಿ ಹೇಳುತ್ತಿದ್ದರು: ಇನ್ನು ಕೋಳಿ ಕೂಗಬೇಕು, ಕಾವಲುಗಾರ ಬೀಳಬೇಕು, ಆಮೇಲೆ ಹುಡುಗಿ ಬರ್ತಾಳೆ. ಹಾಗಾಗಿ ಕೋಳಿ ಕೂಗಿದಾಗ ಹಾಲಿಗೆ ಹಾಲೇ ಸಂತೋಷಪಟ್ಟಿತು. ಕಾವಲುಗಾರ ಬಿದ್ದಾಗ ಚಪ್ಪಾಳೆ ಬಿತ್ತು, ಕೆಮ್ಮಬೇಡಿ ಎಂದು ಗದರಿದವರೂ ತಟ್ಟಿದರು. ಮಂತ್ರಿ ಆಕಳಿಸಿದರೆ ಕೊನೆಯ ಸಾಲಿನವರೆಗೆ ಎಲ್ಲರೂ ಆಕಳಿಸಿದರು. ಮೊದಮೊದಲು ಊಟದ ದಾರಿ ನೋಡುತ್ತಿದ್ದ ಮುಖಗಳು ನಡುವೆ ಎಲ್ಲೋ ಬದಲಾದವು. ಎಲ್ಲಿ ಎಂದು ನನಗೆ ಗೊತ್ತು. ರಾಜ ಒಬ್ಬನೇ ಕೂತು, ಅಮ್ಮ ಇದ್ದಾಗ ಕತ್ತಲೆ ಹೀಗಿರಲಿಲ್ಲ ಎಂದು ಹೇಳುತ್ತಾನಲ್ಲ, ಅಲ್ಲಿ. ನನ್ನ ಪಕ್ಕದಲ್ಲೇ ನಿಂತಿದ್ದ ಒಂದು ಮೀನು ತನ್ನ ಅಮ್ಮನ ಸೆರಗು ಹಿಡಿದುಕೊಂಡಿತು.

ಪ್ರಣೀತಾ ಬಂದಳು. ಒಂದು ದೀಪ ಊದಿದಳು. ಹಾಲಿನಲ್ಲಿ ಮೊಬೈಲುಗಳು ಜೇಬಿನೊಳಗೆ, ಚೀಲದೊಳಗೆ ಹೋದವು. ಇನ್ನೊಂದು ಊದಿದಳು. ಯಾರದ್ದೋ ಫೋನ್ ರಿಂಗಾಯಿತು, ಅವರು ಅದರ ಮೇಲೆಯೇ ಕೂತುಬಿಟ್ಟರು. ಬಾಗಿಲ ಮೇಲಿನ ಪುಟ್ಟ ಹಸಿರು ಬಲ್ಬಿಗೆ ಜೊಕಿಮ್ ಸ್ಟೂಲ್ ಹತ್ತಿ ತನ್ನ ಟೊಪ್ಪಿ ಹಾಕಿದ. ಅಂಗಳದ ಲೈಟನ್ನು ಯಾರೋ ಓಡಿ ಹೋಗಿ ಆರಿಸಿ ಬಂದರು. ಕೊನೆಯ ದೀಪ ಆರಿದಾಗ ನನ್ನ ಕೈ ನನಗೆ ಕಾಣಲಿಲ್ಲ. ಸೈಮನ್‌ನ ಉಸಿರು ಮಾತ್ರ ಕಿವಿಯ ಹತ್ತಿರ ಇತ್ತು. ಪ್ರಣೀತಾಳ ದನಿ ಬಂತು.

“ಹೆದರಬೇಡ ರಾಜಾ. ನಾವೆಲ್ಲ ಇಲ್ಲೇ ಇದ್ದೇವೆ.”

ಇದ್ದರು. ಬಾಗಿಲಿನವರೆಗೆ ತುಂಬಿ ಇದ್ದರು. ಕಾಣುತ್ತಿರಲಿಲ್ಲ, ಆದರೆ ಇಷ್ಟು ಜನ ಒಟ್ಟಿಗೆ ಸುಮ್ಮನಿದ್ದರೆ ಗೊತ್ತಾಗುತ್ತದೆ.

ಡೋಲು ಮತ್ತೆ ಬಡಿಯುವ ಮೊದಲು ಸೈಮನ್ ಬಗ್ಗಿ ಪ್ಲಗ್ ಎಳೆದ. ಪೆಟ್ಟಿಗೆಯ ಮೇಲೆ ಉಳಿದಿದ್ದ ಸಾಸಿವೆಯಷ್ಟು ಕೆಂಪು ಬಲ್ಬೂ ಆರಿತು. ನಾನು ಹೇಳಿರಲಿಲ್ಲ, ಅವನಾಗಿಯೇ ಎಳೆದ. ಕತ್ತಲೆಯಲ್ಲಿ ಅವನ ಕೈ ಹುಡುಕಿ ಹಿಡಿದುಕೊಂಡೆ.

ಮುಗಿದಿತ್ತು. ಯಾರೂ ಏಳಲಿಲ್ಲ. ಪುನಃ ಶುರುವಾದೀತೆಂಬ ಹೆದರಿಕೆಯೋ ಬೇರೆ ಏನೋ, ನಾನು ಕೇಳಲು ಹೋಗಲಿಲ್ಲ. ವಂದನಾರ್ಪಣೆಗೆ ನಿಂತಿದ್ದ ಸಿಸ್ಟರ್ ಆನ್ಸಿಯವರು ಮೈಕ್ ಆಫ್ ಮಾಡಿದ ಟಕ್ ಸದ್ದು ಕೇಳಿಸಿತು. ಸ್ಟೇಜಿನಿಂದ ಸಣ್ಣಗೆ ಗೊರಕೆ ಕೇಳಿತು. ಅದು ರೆಕಾರ್ಡಿನಲ್ಲಿ ಇರಲಿಲ್ಲ. ಎರಡು ಸಲ ರಾಜ್ಯಭಾರ ಮಾಡಿ ಸುಸ್ತಾದ ದೀಕ್ಷಿತ್ ನಿಜವಾಗಿ ನಿದ್ದೆ ಹೋಗಿದ್ದ.

ಏಳಿ, ಊಟಕ್ಕೆ ಹೋಗಿ ಎಂದು ಹೇಳಬೇಕಾದವಳು ಈಗ ನಾನೇ. ಹೇಳಲು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಗೋಡೆಯ ಬದಿಯಿಂದ ಅಲಿಯಬ್ಬರ ದನಿ ಬಂತು, ತುಂಬ ಮೆಲ್ಲಗೆ.

“ಸ್ವಲ್ಪ ಮಲಗ್ಲಿ ಪಾಪ. ಊಟ ತಣ್ಣಗಾದ್ರೆ ಬಿಸಿ ಮಾಡುವ.”

ಮಡಿಲಿನ ಪ್ಲೇಟುಗಳು ಒಂದೊಂದಾಗಿ ನೆಲಕ್ಕೆ ಇಳಿದವು. ನಾನೂ ವೇಷದ ಪೆಟ್ಟಿಗೆಯ ಮೇಲೆ ಕೂತೆ.